ಕೊಕ್ಕರೆ ಕಂಡ ಮೀನು

ಅರಮನೆಯ ಚಿತ್ರಶಾಲೆಯಲ್ಲಿ ಮುಸ್ಸಂಜೆಯ ಕೆರೆಯದೊಂದು ಹೆಸರಾಂತ ಚಿತ್ರವಿತ್ತು. ಅದರ ಮುಂದೆ ಕುಳಿತು ಮುದಿ ಗಿಳಿಯೊಂದು ಹಕ್ಕಿಗಳಿಗೆ ಚಿತ್ರ ನೋಡುವ ಪಾಠ ಹೇಳುತ್ತಿತ್ತು. ‘ಮೊದಲು ರೇಖೆ, ಆಮೇಲೆ ಆಕಾರ, ಬಣ್ಣ, ನೆರಳು, ಬೆಳಕು’ ಎಂದು ಅದು ಹೇಳಿದರೆ ಮೈನಾಗಳೂ ಗುಬ್ಬಿಗಳೂ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದವು. ಕೊಕ್ಕರೆ ಮಾತ್ರ ಒಂಟಿಕಾಲಲ್ಲಿ ನಿಂತು ಚಿತ್ರವನ್ನೇ ನೋಡುತ್ತಿತ್ತು. ಹೀಗೇ ಮೂರು ದಿನ ಕಳೆಯಿತು.

ಗಿಳಿಗೆ ಸಿಟ್ಟು ನೆತ್ತಿಗೇರಿತು. ‘ಇವತ್ತೂ ಬಾಯಿ ಬಿಡದಿದ್ದರೆ ನಾಳೆಯಿಂದ ಇತ್ತ ಬರಬೇಡ. ಹೇಳು, ಈ ಚಿತ್ರದಲ್ಲಿ ಏನಿದೆ?’

‘ಮೀನಿದೆ, ಗುರುಗಳೇ.’

ಹಕ್ಕಿಗಳೆಲ್ಲ ಗೊಳ್ಳೆಂದು ನಕ್ಕವು.

‘ಹಸಿದ ಹೊಟ್ಟೆಗೆ ಕಂಡದ್ದೆಲ್ಲ ಮೀನು! ಚಿತ್ರಕಾರ ಇಲ್ಲಿ ಒಂದು ಮೀನನ್ನೂ ಬರೆದಿಲ್ಲ’ ಎಂದಿತು ಗಿಳಿ.

‘ಬರೆದಿಲ್ಲ, ನಿಜ. ಆದರೆ ನೀರಿನ ಗೆರೆಗಳೆಲ್ಲ ನೆಟ್ಟಗೆ ಸಾಗಿ, ದಡದ ಹತ್ತಿರ ಒಂದು ಕಡೆ ಮಾತ್ರ ಬಾಗಿವೆ. ಬಾನಿನ ಕೆಂಪು ಅಲ್ಲೇ ಕದಡಿ, ತುಸು ಕಪ್ಪಾಗಿದೆ. ನೀರಿನಡಿ ಯಾರೋ ಈಗಷ್ಟೇ ಹೊರಳಿದ್ದಾರೆ.’

ಗಿಳಿ ಹಿಂದಿರುಗಿ ನೋಡಿತು. ಇಷ್ಟು ವರ್ಷವೂ ತಾನು ಚಿತ್ರಕ್ಕೆ ಬೆನ್ನು ಹಾಕಿಯೇ ಪಾಠ ಹೇಳಿದ್ದೆನೆಂಬುದು ಅದಕ್ಕೆ ಆಗ ಹೊಳೆಯಿತು. ಕಿಟಕಿಯ ಇಳಿಬಿಸಿಲು ಗೋಡೆಯ ಮೇಲೆ ಮೆಲ್ಲನೆ ಸರಿಯಿತು. ಕೆರೆ ಉಸಿರಾಡಿದಂತಾಯಿತು. ಬಾಗಿದ ಗೆರೆಗಳ ಕೆಳಗೆ ಬೆಳ್ಳಿಯಂಥದ್ದೇನೋ ಮಿನುಗಿ ಮರೆಯಾಯಿತು. ಗಿಳಿ ಚಿತ್ರದತ್ತಲೇ ತಿರುಗಿ ಕುಳಿತುಕೊಂಡಿತು.

‘ಗುರುಗಳೇ, ಪಾಠ ಮುಂದುವರಿಸಿ’ ಎಂದಿತು ಮೈನಾ.

‘ಶ್!’ ಎಂದು ಗಿಳಿ ಪಿಸುಗುಟ್ಟಿತು. ‘ಮೀನು ಬೆದರೀತು.’