ಹರಿಗೋಲಿನಲ್ಲಿ ಬಚ್ಚಿಟ್ಟ ಮುಳ್ಳು

ಮಕ್ಕಳೇ, ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ನೆನಪಿಲ್ಲ. ಹೇಳಿ ಹೇಳಿ ನನ್ನ ಬಾಯಿ ಸೋತಿತು, ದೊಡ್ಡವರಂತೂ ಕೇಳುವ ಮುಂಚೆಯೇ ಆಕಳಿಸುತ್ತಾರೆ. ನೀವಾದರೂ ಕೇಳಿ.

ಬಿದಿರುಗಾಡಿನ ನಡುವೆ ಒಂದು ಹೊಳೆ. ಆ ಹೊಳೆಗೆ ಇದ್ದದ್ದು ಒಂದೇ ಹರಿಗೋಲು. ಬಿದಿರಿನ ದೊಡ್ಡ ಬುಟ್ಟಿಗೆ ಹೊರಗಿನಿಂದ ಚರ್ಮ ಹೊದಿಸಿ ಹೊಲಿದ ಗುಂಡನೆಯ ದೋಣಿ ಅದು. ಅದನ್ನು ನಡೆಸುತ್ತಿದ್ದವನು ಒಬ್ಬ ಮುದಿ ನೀರುನಾಯಿ. ಎಲ್ಲರೂ ಅವನನ್ನು ಅಂಬಿಗಜ್ಜ ಎನ್ನುತ್ತಿದ್ದರು.

ತೋಳನ ಭಯಕ್ಕೆ ಕಾಡಿನವರು ಒಂದೊಂದು ಜಾಲಿಮುಳ್ಳು ಇಟ್ಟುಕೊಂಡು ಓಡಾಡುತ್ತಿದ್ದರು. ಆದರೆ ಹರಿಗೋಲು ಹತ್ತುವ ಮುಂಚೆ ಅದನ್ನು ದಡದ ಮರಳಿನಲ್ಲಿ ಚುಚ್ಚಿಟ್ಟು ಬರಬೇಕು. ತಾತ ಮುತ್ತಾತಂದಿರ ಕಾಲದ ಕಟ್ಟಳೆ ಅದು. ಮುಳ್ಳುಹಂದಿಯ ಮುಳ್ಳು ಮಾತ್ರ ಬಿಚ್ಚಿಡುವಂಥದ್ದಲ್ಲವಲ್ಲ, ಅವನು ಮೈಗೆ ಬಾಳೆಪಟ್ಟೆ ಸುತ್ತಿಕೊಂಡು ನಡುವೆ ಕೂರುತ್ತಿದ್ದ. ಅವನ ಮುಳ್ಳು ಎಲ್ಲರಿಗೂ ಕಾಣುತ್ತಿತ್ತು. ಎಲ್ಲಿ ಕೂರಬೇಕು, ಎಷ್ಟು ಸರಿಯಬೇಕು ಎಂದು ಎಲ್ಲರಿಗೂ ಗೊತ್ತಿತ್ತು. ಹಣ್ಣು ತಿನ್ನುತ್ತ, ಹರಟೆ ಹೊಡೆಯುತ್ತ ಹೊಳೆ ದಾಟುತ್ತಿದ್ದರು.

ಒಂದು ದಿನ ಹರಿಗೋಲಿನಲ್ಲಿ ನರಿಯೊಂದು ಕೌಜುಗ ಹಕ್ಕಿಯ ಕಾಲು ಕಚ್ಚಿತು. ಅಜ್ಜ ನರಿಯನ್ನು ದೋಣಿಯ ಹುಟ್ಟಿನಿಂದ ಬಾರಿಸಿ ನೀರಿಗೆ ತಳ್ಳಿದ. ಅಲ್ಲಿಗೆ ಮುಗಿಯಬೇಕಿತ್ತು. ಮುಂಗುಸಿ ಮುಗಿಯಲು ಬಿಡಲಿಲ್ಲ. ಹುತ್ತದ ಮೇಲೆ ನಿಂತು ಸಭೆ ಕರೆದ.

"ಕೌಜುಗದ ಹತ್ತಿರ ಒಂದು ಮುಳ್ಳು ಇದ್ದಿದ್ದರೆ ನರಿಗೆ ಆ ಧೈರ್ಯ ಬರುತ್ತಿತ್ತೇ? ಇನ್ನು ಮೇಲೆ ಎಲ್ಲರೂ ಮುಳ್ಳು ಬಚ್ಚಿಟ್ಟುಕೊಂಡೇ ಹತ್ತೋಣ. ಯಾರ ಮುಳ್ಳು ಎಲ್ಲಿದೆ ಅಂತ ಗೊತ್ತಾಗದಿದ್ದರೆ ಕೆಟ್ಟವರು ಹೆದರುತ್ತಾರೆ!"

"ಮುಂಗುಸಿರಾಯ," ಎಂದ ಅಂಬಿಗಜ್ಜ, "ಯಾರ ಮುಳ್ಳು ಎಲ್ಲಿದೆ ಅಂತ ಗೊತ್ತಾಗದಿದ್ದರೆ ಒಳ್ಳೆಯವರೂ ಹೆದರುತ್ತಾರಪ್ಪ. ನಾವು ಕೂರುವುದು ಚರ್ಮದ ಮೇಲೆ. ಅದನ್ನಾದರೂ ನೆನಪಿಟ್ಟುಕೊಳ್ಳಿ."

ಕಿವುಡನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಎಲ್ಲರೂ ಬಾಲ ಎತ್ತಿ ಮುಂಗುಸಿಗೆ ಒಪ್ಪಿಗೆ ಕೊಟ್ಟರು. ಅಜ್ಜ ನಿಟ್ಟುಸಿರು ಬಿಟ್ಟು ಹುಟ್ಟು ತೆಗೆದುಕೊಂಡ.

ಅಂದಿನಿಂದ ಹರಿಗೋಲಿನಲ್ಲಿ ಮಾತು ನಿಂತಿತು. ಒಬ್ಬರ ಕಣ್ಣು ಇನ್ನೊಬ್ಬರ ರೆಕ್ಕೆಯ ಮೇಲೆ, ಇನ್ನೊಬ್ಬರ ಕಣ್ಣು ಮತ್ತೊಬ್ಬರ ಬಾಲದ ಮೇಲೆ. ಯಾರಾದರೂ ಮೈ ತುರಿಸಿಕೊಂಡರೂ ಉಳಿದವರು ತಮ್ಮ ಮುಳ್ಳು ತಡವಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಮೊಲಕ್ಕ ಜ್ವರದ ಮಗುವನ್ನು ಎತ್ತಿಕೊಂಡು ಹರಿಗೋಲು ಹತ್ತಿದಳು. ಆಚೆ ದಡದ ಆಮೆಜ್ಜಿಯ ಹತ್ತಿರ ಮದ್ದು ಸಿಗುತ್ತಿತ್ತು. ಮೊಲಕ್ಕ ಹುಟ್ಟಿದಾಗಿನಿಂದ ದೋಣಿಗೆ ಮುಳ್ಳು ತಂದವಳಲ್ಲ. ಎಲ್ಲರ ಹತ್ತಿರ ಇರುವಾಗ ತನ್ನ ಹತ್ತಿರ ಇಲ್ಲದಿದ್ದರೆ ಹೇಗೆ ಎಂದು ಅವತ್ತು ಕಿವಿಯ ಹಿಂದೆ ಒಂದನ್ನು ಸಿಕ್ಕಿಸಿಕೊಂಡಿದ್ದಳು.

ನಡುಹೊಳೆಯಲ್ಲಿ ಮಗು ಅಳತೊಡಗಿತು. ಎದುರಿಗೆ ಕೂತಿದ್ದ ಅಳಿಲಣ್ಣನಿಗೆ ಪಾಪ ಅನ್ನಿಸಿತು. ಅವನ ಬಾಲದಡಿ ಒಂದು ಕಡಲೆಕಾಯಿ ಇತ್ತು. ಮೊದಲಿನಂತಿದ್ದರೆ "ಅಳಬೇಡ ಪುಟ್ಟ, ತಗೋ" ಎನ್ನುತ್ತಿದ್ದನೇನೋ. ಈಗ ಅಲ್ಲಿ ಮಾತಾಡುವ ಅಭ್ಯಾಸವೇ ತಪ್ಪಿತ್ತು. ಸುಮ್ಮನೆ ಬಾಲದಡಿ ಕೈ ಹಾಕಿದ.

ಮೊಲಕ್ಕ ಅದನ್ನು ನೋಡಿದಳು. ಯೋಚಿಸಲಿಲ್ಲ. ಕಿವಿಯ ಹಿಂದಿನ ಮುಳ್ಳು ಎಳೆದು ಅವನ ಭುಜಕ್ಕೆ ಚುಚ್ಚಿಬಿಟ್ಟಳು.

"ಅಯ್ಯೋ!" ಎಂದ ಅಳಿಲಣ್ಣ.

"ಮುಳ್ಳು! ಮುಳ್ಳು ತೆಗೆದರು!" ಎಂದು ಪಕ್ಕದಲ್ಲೇ ಕೂತಿದ್ದ ಮುಂಗುಸಿ ಕಿರುಚಿ ತನ್ನದನ್ನೂ ಎಳೆದ. ಎಲ್ಲರೂ ಎಳೆದರು. ಯಾರು ಯಾರಿಗೆ ಚುಚ್ಚಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಹರಿಗೋಲು ಗಿರಗಿರನೆ ತಿರುಗಿತು, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು, ಕೈಯಲ್ಲಿದ್ದ ಮುಳ್ಳುಗಳು ಹರಿಗೋಲಿನ ಚರ್ಮವನ್ನು ತೂತು ಮಾಡಿದವು. ನೀರು ಒಳಗೆ ಚಿಮ್ಮಿತು.

ಅಂಬಿಗಜ್ಜ ಹೊಳೆಗೆ ಹಾರಿ, ಮಗುವನ್ನು ಬೆನ್ನ ಮೇಲೆ ಹಾಕಿಕೊಂಡು, ಹರಿಗೋಲನ್ನು ಹೊರಟ ದಡಕ್ಕೇ ತಳ್ಳಿಕೊಂಡು ಬಂದ. ಪ್ರಾಣ ಯಾರದ್ದೂ ಹೋಗಲಿಲ್ಲ. ಅಳಿಲಣ್ಣ ಮರಳಿನ ಮೇಲೆ ಒರಗಿ ಮುಷ್ಟಿ ಬಿಚ್ಚಿದ.

"ಮಗುವಿಗೆ ಕೊಡೋಣ ಅಂತಿದ್ದೆ, ಮೊಲಕ್ಕ."

ಕಡಲೆಕಾಯಿ ನೋಡಿ ಮೊಲಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮುಂಗುಸಿ ಮೈ ಕೊಡವಿಕೊಂಡು, "ಒಬ್ಬೊಬ್ಬರಿಗೂ ಎರಡೆರಡು ಮುಳ್ಳು ಇದ್ದಿದ್ದರೆ ಹೀಗಾಗುತ್ತಲೇ ಇರಲಿಲ್ಲ," ಎಂದ.

ಅಜ್ಜ ಹರಿಗೋಲು ಬೋರಲು ಹಾಕಿ ನೋಡಿದ. ಹನ್ನೊಂದು ತೂತು.

"ನಾರು ನನ್ನ ಹತ್ತಿರ ಇದೆ. ಹೊಲಿಯಲು ಒಂದು ಮುಳ್ಳು ಕೊಡಿ," ಎಂದ.

"ಮೊದಲು ಅವನು ಕೊಡಲಿ," ಎಂದರು ಒಬ್ಬರು.

"ನಾನು ಕೊಟ್ಟ ಮೇಲೆ ಅವನು ಕೊಡದಿದ್ದರೆ?" ಎಂದರು ಇನ್ನೊಬ್ಬರು.

ಬಿಸಿಲು ಏರಿತು. ಮಗುವಿನ ಮೈ ಕೆಂಡದಂತೆ ಸುಡುತ್ತಿತ್ತು. ಕೊನೆಗೆ ಮೊಲಕ್ಕ ತುದಿಗೆ ರಕ್ತ ಅಂಟಿದ್ದ ತನ್ನ ಮುಳ್ಳನ್ನು ಅಜ್ಜನ ಮುಂದಿಟ್ಟಳು.

"ತಗೋ ಅಜ್ಜ. ಮಗುವನ್ನು ಕಾಯಲು ಅಂತ ತಂದಿದ್ದೆ. ನನ್ನ ಮಗುವಿಗೆ ಮರುಗಿದವನನ್ನೇ ಚುಚ್ಚಿದೆ."

ಅಜ್ಜ ಮುಳ್ಳನ್ನು ಹೊಳೆಯಲ್ಲಿ ತೊಳೆದು ಹೊಲಿಯಲು ಕೂತ. ಹನ್ನೊಂದನೆಯ ತೂತು ಮುಗಿದ ಮೇಲೆ ಅದನ್ನು ಮೊದಲಿನಂತೆ ಮರಳಿನಲ್ಲಿ ಚುಚ್ಚಿಟ್ಟ. ಮೊಲಕ್ಕ, ಮಗು, ಅಳಿಲಣ್ಣ ಹತ್ತಿದರು. ಮೊಲಕ್ಕ ಅಳಿಲಣ್ಣನ ಭುಜಕ್ಕೆ ಸೊಪ್ಪು ಒತ್ತಿ ಹಿಡಿದು ಕೂತಳು.

ಮುಂಗುಸಿಯೂ ಹತ್ತಲು ಬಂದ. "ಮುಳ್ಳು ಇಟ್ಟು ಬಾ," ಎಂದ ಅಜ್ಜ. ಅವನು ಒಪ್ಪಲಿಲ್ಲ. ಇವತ್ತಿಗೂ ಮುಳ್ಳು ಹಿಡಿದುಕೊಂಡು ಈಚೆ ದಡದಲ್ಲೇ ಕೂತಿದ್ದಾನಂತೆ.

ನೀತಿ: ಬಚ್ಚಿಟ್ಟ ಮುಳ್ಳು ಕೆಟ್ಟವನನ್ನು ಹುಡುಕಿಕೊಂಡು ಹೋಗುವುದಿಲ್ಲ, ಪಕ್ಕದಲ್ಲಿ ಕೂತವನನ್ನೇ ಚುಚ್ಚುತ್ತದೆ.