ಹೊಗೆ ಬಚ್ಚಿಟ್ಟ ಮೈಲಾರಿ

ಕಂಬಳಿ ಚುಚ್ಚುತ್ತೆ ಅಂತ ಒದೀಬೇಡ ಕಣೋ. ಚುಚ್ಚಿದ್ರೇನೇ ಕಂಬಳಿ, ಚುಚ್ಚದೇ ಇದ್ರೆ ಅದು ಅಂಗಡಿಯವನ ಮೋಸ. ಕಾಲು ಒಳಗೆ ಎಳ್ಕೋ. ನಾನು ಕತೆ ಹೇಳ್ತಾ ಇದ್ರೆ ನೀನು ಹೂಂ ಅಂತಿರಬೇಕು, ಹೂಂ ನಿಂತ್ರೆ ಕತೇನೂ ನಿಲ್ಲುತ್ತೆ. ನಿದ್ದೆ ಮಾಡ್ಕೊಂಡೇ ಹೂಂ ಅನ್ನೋ ಆಟ ನನ್ನ ಹತ್ರ ನಡೆಯಲ್ಲ, ನಾನೇನು ಸುಲಭಕ್ಕೆ ನಂಬೋಳಲ್ಲ, ಹಾಲಿನವಳು ಅಳೆಯೋ ಪಾವಿನ ತಳಾನ ಬೆರಳಿಟ್ಟು ಮುಟ್ಟಿ ನೋಡೋಳು.

ಒಂದಾನೊಂದು ಕಾಲದಲ್ಲಿ, ಏಳು ಬೆಟ್ಟ ಹತ್ತಿ ಏಳು ಬೆಟ್ಟ ಇಳಿದು, ಇನ್ನು ಮುಂದೆ ದಾರಿನೇ ಇಲ್ಲ ಅನ್ನೋ ಜಾಗದಲ್ಲಿ ಒಂದು ಚಳಿ ಊರು ಇತ್ತಂತೆ. ಚಳಿ ಅಂದ್ರೆ ನಮ್ಮ ಮಾಗಿ ಚಳಿ ಅಲ್ಲ. ನಮ್ಮನೇಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತಲ್ಲ, ಅಲ್ಲಿ ನೀರೇ ಹಂಗೆ ಗಟ್ಟಿಯಾಗೋದಂತೆ. ಮಳೆ ಬದಲು ಹಿಮ ಬೀಳೋದಂತೆ, ಹತ್ತಿ ಹಿಂಜಿ ತೂರಿದ ಹಾಗೆ ಮೇಲಿಂದ ಬಿದ್ದೂ ಬಿದ್ದೂ ದಾರಿ ಮುಚ್ಚೋದಂತೆ, ಆಮೇಲೆ ಬಿಸಿಲು ಕಾಲ ಬರೋ ತನಕ ಒಳಗಿದ್ದೋರು ಒಳಗೆ, ಹೊರಗಿದ್ದೋರು ಹೊರಗೆ. ಉಪ್ಪು ಮುಗಿದ್ರೆ ಸಪ್ಪೆ ತಿನ್ನಬೇಕು, ಸೌದೆ ಮುಗಿದ್ರೆ ಮಾತ್ರ ದೇವರೇ ಗತಿ. ನಾನು ನೋಡಿಲ್ಲಪ್ಪ, ನಮ್ಮಜ್ಜಿ ಹೇಳಿದ್ದು. ಅವಳೂ ನೋಡಿರಲಿಲ್ಲ.

ಆ ಊರಿಗೆ ಬಯಲುಸೀಮೆಯಿಂದ ಒಬ್ಬ ಕಂಬಳಿ ನೇಯೋನು ಬಂದನಂತೆ, ಮೈಲಾರಿ ಅಂತ ಹೆಸರು. ಕಂಬಳಿ ಮಾರೋಕೆ ಚಳಿ ಊರಿಗಿಂತ ಒಳ್ಳೇ ಜಾಗ ಯಾವುದಿದೆ ಹೇಳು? ಜೊತೆಗೆ ಅವನ ಮಗಳು, ಹೊನ್ನಿ, ನಿನ್ನಷ್ಟೇ ಇದ್ದಳು, ನಿನಗಿಂತ ಮಾತು ಕಮ್ಮಿ. ತಾಯಿ ಇರಲಿಲ್ಲ ಆ ಕೂಸಿಗೆ. ಮೈಲಾರಿ ಹಿಂದೊಂದ್ಸಲ ಒಬ್ಬ ನೆಂಟನ್ನ ನಂಬಿ ಕುರಿ ಮಂದೆ ಬಿಟ್ಟು ಹೋಗಿದ್ದನಂತೆ, ಆ ನೆಂಟ ಮಂದೇನೂ ಇಲ್ಲ ಅವನೂ ಇಲ್ಲ ಅನ್ನೋ ಹಾಗೆ ಮಾಡಿದ್ದನಂತೆ. ಅವತ್ತಿಂದ ಮೈಲಾರಿ ಪ್ರಪಂಚದಲ್ಲಿ ನಂಬ್ತಿದ್ದದ್ದು ಹೊನ್ನಿ ಒಬ್ಬಳನ್ನೇ. ಮಿಕ್ಕವರೆಲ್ಲ ಕಳ್ಳರು ಅಂತ ಇಟ್ಕೋ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಊರಿನವರು ಅವನಿಗೆ ಒಂದು ಖಾಲಿ ಮನೆ ತೋರಿಸಿದರಂತೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಒಂದು ಕಡೆ ಮೇಕೆ ಕಟ್ಟೋ ಜಾಗ, ಒಲೆ ಮೇಲಕ್ಕೆ ಸರಿಯಾಗಿ ಹೊಗೆ ಹೋಗೋಕೆ ಮಾಳಿಗೇಲಿ ಒಂದು ಗವಾಕ್ಷಿ. ಎಲ್ಲಾ ಸರಿ, ಬಾಗಿಲಿಗೆ ಮಾತ್ರ ಅಗುಳಿ ಇಲ್ಲ, ಚಿಲಕ ಇಲ್ಲ, ಹೊರಗಿಂದ ಒಂದು ಬೆರಳಲ್ಲಿ ತಳ್ಳಿದ್ರೆ ಒಳಕ್ಕೆ ತೆಗೆದುಕೊಳ್ಳುತ್ತೆ. ಊರಲ್ಲಿ ಯಾವ ಬಾಗಿಲು ನೋಡಿದ್ರೂ ಹಂಗೇ. ಅಗುಳಿ ಇಲ್ಲದ ಬಾಗಿಲು ಯಾಕೆ ಇಡ್ತಾರೆ, ಒಬ್ಬರ ಮನೆಗೊಬ್ಬರು ನುಗ್ಗೋಕೆ ತಾನೇ ಅಂದುಕೊಂಡನಂತೆ ಮೈಲಾರಿ. ಬಡಗಿ ಕರೆದು, ದಪ್ಪನೆ ಅಗುಳಿ ಹಾಕು, ಬಾಗಿಲನ್ನೂ ತಿರುಗಿಸಿ ಹೊರಕ್ಕೆ ತೆಗೆಯೋ ಹಾಗೆ ಮಾಡು, ಯಾರೂ ಒದ್ದು ಒಳಗೆ ಬರಬಾರದು ಅಂದನಂತೆ. ಬಡಗಿ ತಲೆ ಕೆರ್ಕೊಂಡು, ಬೇಡ ಮೈಲಾರಣ್ಣ, ಇಲ್ಲಿ ಬಾಗಿಲು ಒಳಕ್ಕೇ ತೆಗೀಬೇಕು, ಹಿಮ ಬಿದ್ರೆ ಕಷ್ಟ ಅಂದನಂತೆ. ಓಹೋ, ಇವನೂ ಅವರ ಕಡೆಯವನೇ ಅಂತ ಮೈಲಾರಿ ಬಡಗೀನ ಕಳಿಸಿ ತಾನೇ ಅಗುಳಿ ಹಾಕಿ ಬಾಗಿಲು ತಿರುಗಿಸಿಕೊಂಡನಂತೆ.

ಆಮೇಲೆ ಚಳಿ ಶುರುವಾಯ್ತಂತೆ. ಮೊದಲ್ನೇ ದಿನ ಬೆಳಗ್ಗೆ ಎದ್ದು ನೋಡ್ತಾನೆ, ನೀರು ತುಂಬಿಟ್ಟ ಮಣ್ಣಿನ ಕೊಡ ಉದ್ದಕ್ಕೆ ಬಿರಿದು ನಿಂತಿದೆ. ಯಾರೋ ಹೊಟ್ಟೆಕಿಚ್ಚಿಗೆ ಒಡೆದಿದ್ದಾರೆ ಅಂತ ಊರೆಲ್ಲ ಕೂಗಾಡಿದನಂತೆ. ನೀರು ಗಟ್ಟಿಯಾದ್ರೆ ಉಬ್ಬುತ್ತೆ, ಉಬ್ಬಿದ್ರೆ ಕೊಡ ಬಿರಿಯುತ್ತೆ, ಅದು ಅವನಿಗೇನು ಗೊತ್ತು? ಊರಿನವರು ನಕ್ಕರಂತೆ. ಕಳ್ಳರೇ ನಗೋದು ಅಂದನಂತೆ. ಇನ್ನೊಂದು ದಿನ ಬೆಳಗಿನ ಮಬ್ಬಲ್ಲಿ ಅಂಗಳಕ್ಕೆ ಬಂದ್ರೆ ಹಗ್ಗದ ಹತ್ರ ಬೆಳ್ಳಗೆ ಒಬ್ಬ ಅಲ್ಲಾಡದೇ ನಿಂತಿದ್ದಾನೆ. ಸಿಕ್ಕಿದೆಯಾ ಕಳ್ಳ ಅಂತ ಕೋಲು ತಗೊಂಡು ಬಾರಿಸಿದ್ರೆ ಲಟಕ್ ಅಂತ ಮುರಿದು ಬಿತ್ತಂತೆ. ಏನಂದ್ಕೊಂಡೆ? ಅವನದೇ ಪಂಚೆ! ಒಣಗಲಿ ಅಂತ ಹಾಕಿದ್ದು ಚಳಿಗೆ ಹಲಗೆ ಹಾಗೆ ಸೆಟೆದುಕೊಂಡಿತ್ತು. ಹೊನ್ನಿ ನಕ್ಕೂ ನಕ್ಕೂ ಬಿಕ್ಕಳಿಕೆ ಬಂತಂತೆ. ನೀನೂ ನಗು, ಆದ್ರೆ ಮೆಲ್ಲಗೆ, ಅಮ್ಮ ಎದ್ರೆ ಬಯ್ಯೋದು ನನಗೆ.

ಅದೆಲ್ಲ ಹೋಗ್ಲಿ. ಒಂದು ವಿಷಯ ಮಾತ್ರ ಅವನ ಹೊಟ್ಟೇಲಿ ಮುಳ್ಳಾಗಿ ಕೂತಿತ್ತು. ದಿನಾ ಬೆಳಗ್ಗೆ ಊರಿನವರೆಲ್ಲ ಹಿಮ ಗುಡಿಸೋಕೆ ಅಂತ ಮಾಳಿಗೆ ಹತ್ತೋರಂತೆ. ಹತ್ತಿದೋರು ಗುಡಿಸಿ ಇಳಿಯೋದು ಬಿಟ್ಟು, ಸೊಂಟದ ಮೇಲೆ ಕೈ ಇಟ್ಕೊಂಡು ಒಬ್ಬರ ಮಾಳಿಗೆ ಒಬ್ಬರು ನೋಡೋರಂತೆ. ಅವನ ಮಾಳಿಗೇನೂ ನೋಡೋರು. ಎಲ್ಲರಿಗಿಂತ ಹೆಚ್ಚಿಗೆ ನೋಡ್ತಿದ್ದದ್ದು ಎದುರು ಮನೆ ಮುದುಕಿ. ಅವಳ ಆ ಸೀಮೆ ಹೆಸರು ನನ್ನ ನಾಲಿಗೆಗೆ ಹೊರಳಲ್ಲ, ಬೆನ್ನು ಬಾಗಿ ಗೂನಾಗಿತ್ತು, ಗೂನಜ್ಜಿ ಅನ್ನೋಣ. ಕೋಳಿಯಷ್ಟು ಇದ್ದಳಂತೆ. ಆ ಗೂನಜ್ಜಿ ಹಣೆಗೆ ಕೈ ಅಡ್ಡ ಹಿಡಿದು ಇವನ ಗವಾಕ್ಷೀನೇ ದಿಟ್ಟಿಸೋಳಂತೆ. ಯಾಕೆ ನೋಡ್ತಾಳೆ? ನಾನಾಗಿದ್ರೂ ಕೇಳ್ತಿದ್ದೆ. ಎಷ್ಟು ಹೊಗೆ ಅಂದ್ರೆ ಅಷ್ಟು ಸೌದೆ, ಅಷ್ಟು ಸೌದೆ ಅಂದ್ರೆ ಅಷ್ಟು ಸಾಮಾನು, ಲೆಕ್ಕ ಹಾಕ್ತಿದ್ದಾಳೆ ಅಂದುಕೊಂಡನಂತೆ ಮೈಲಾರಿ.

ಅದಕ್ಕೆ ಏನು ಮಾಡಿದ ಅಂತೀಯ? ಒಂದು ಚಪ್ಪಡಿ ಕಲ್ಲು ಹೊತ್ತು ಮಾಳಿಗೆ ಹತ್ತಿ ಗವಾಕ್ಷಿ ಮೇಲೆ ಮುಚ್ಚಿದನಂತೆ! ಹೊಗೆ ಮನೆಯೆಲ್ಲ ಸುತ್ತಾಡಿ ಮೇಕೆ ಕಡೆ ಸಂದೀಲಿ ಮೆಲ್ಲಗೆ ಹೊರಗೆ ಹೋಗೋದು. ಹೊನ್ನಿ ಕೆಮ್ಮೋಳು, ಸಾಕ್ಕೊಂಡಿದ್ದ ಮೇಕೆಗಳೂ ಕೆಮ್ಮೋವು, ಇವನ ಕಣ್ಣು ಕೆಂಡ ಆಗೋದು. ಆದ್ರೂ ಇವನಿಗೆ ಸಮಾಧಾನ. ನೋಡ್ಕೊಳ್ಲಿ ಈಗ, ಏನು ಕಾಣುತ್ತೋ ನೋಡ್ಕೊಳ್ಲಿ ಅಂತ.

ಮೊದಲ್ನೇ ಬೆಳಗ್ಗೆ ಕುರಿ ಕಾಯೋ ದೊಡ್ಡಯ್ಯ ಬಂದು ಬಾಗಿಲು ಬಡಿದನಂತೆ. ಕೈಯಲ್ಲಿ ಕೆಂಡದ ಮಡಕೆ. ನಿಮ್ಮನೆ ಹೊಗೆ ಕಾಣ್ಲಿಲ್ಲ ಮೈಲಾರಣ್ಣ, ಒಲೆ ಆರಿತೇನೋ ಅಂತ ಕೆಂಡ ತಂದೆ ಅಂದನಂತೆ. ಹೇಳ್ತಾ ಹೇಳ್ತಾನೇ ಕತ್ತು ಉದ್ದ ಮಾಡಿ ಒಳಗೆ ನೋಡಿದನಂತೆ, ಅಬ್ಬಾ ಎಷ್ಟು ಕಂಬಳಿ ಅಂದನಂತೆ. ಅಷ್ಟು ಸಾಕಾಯ್ತು. ನನ್ನ ಒಲೆ ಚೆನ್ನಾಗಿದೆ, ನೀನು ಹೊರಡು ಅಂತ ಬಾಗಿಲು ಹಾಕಿದನಂತೆ. ಮಾರನೇ ದಿನ ಊರ ಗೌಡನೇ ಬಂದನಂತೆ ಕೆಂಡ ಹಿಡ್ಕೊಂಡು. ಗೌಡ ಕೆಂಡ ಹೊತ್ತು ತರ್ತಾನೆ ಅಂದ್ರೆ ನೀನೇ ಹೇಳು, ಅನುಮಾನ ಬರುತ್ತೋ ಇಲ್ವೋ? ಪುಕ್ಕಟೆ ಕೊಡೋ ಕೈಯನ್ನ ನಾನೂ ಎರಡು ಸಲ ತಿರುಗಿಸಿ ನೋಡ್ತೀನಿ. ಅವನನ್ನೂ ಕಳಿಸಿದನಂತೆ.

ಮೂರನೇ ದಿನ ಗೂನಜ್ಜಿ ಬಂದಳಂತೆ. ಅವಳು ಬಾಗಿಲು ಬಡಿಯೋಳಲ್ಲ, ಕಿಟಕಿ ಸಂದೀಲಿ ಕಣ್ಣಿಟ್ಟಳಂತೆ. ಒಳಗೆ ಹೊನ್ನಿ ಒಬ್ಬಳೇ, ಅಪ್ಪ ನೀರಿಗೆ ಹೋಗಿದ್ದ, ಹೊಳೆಯ ಹಿಮ ಒಡೆದು ನೀರು ಹೊತ್ತು ತರಬೇಕಲ್ಲ. ಅಜ್ಜಿ ಸಂದೀಲೇ ಒಂದು ಒಣಗಿದ ಜರ್ದಾಳು ಹಣ್ಣು ತೂರಿಸಿ, ಬೆಂಕಿ ಇದೆಯಾ ಕೂಸೇ ಅಂದಳಂತೆ. ಇದೆ ಅಜ್ಜಿ, ಹೊಗೇನ ಅಪ್ಪ ಬಚ್ಚಿಟ್ಟಿದ್ದಾನೆ ಅಂದಳಂತೆ ಹೊನ್ನಿ. ಅಷ್ಟರಲ್ಲಿ ಮೈಲಾರಿ ಬಂದನಂತೆ. ಮಗೂನ ಹಣ್ಣು ಕೊಟ್ಟು ಮರಳು ಮಾಡ್ತೀಯ, ಕಳ್ಳಿ, ಅಂದುಬಿಟ್ಟನಂತೆ. ಆಮೇಲೆ ಊರ ನಡುವೆ ನಿಂತು, ಇನ್ನು ಯಾರಾದ್ರೂ ನನ್ನ ಹೊಸ್ತಿಲಿಗೆ ಬಂದ್ರೆ ಕೊಡಲಿ ಏಟು, ನನ್ನ ಮನೆ ಹೊಗೆ ನನ್ನದು, ಬರುತ್ತೆ ಬಿಡುತ್ತೆ ನಿಮಗೇನು ಅಂತ ಕೂಗಿದನಂತೆ. ಗೌಡನಿಗೂ ಸಿಟ್ಟು ಬಂತು. ಆಯ್ತಪ್ಪ, ನಿನ್ನ ಹೊಗೆ ನಿನ್ನದು, ಇವತ್ತಿಂದ ಯಾರೂ ಬರಲ್ಲ ಅಂದನಂತೆ. ಎಲ್ಲರೂ ಅವನ ಮಾಳಿಗೆ ಕಡೆ ನೋಡೋದೇ ಬಿಟ್ಟರಂತೆ. ಗೆದ್ದೆ ಅಂದುಕೊಂಡನಂತೆ ಮೈಲಾರಿ.

ಹೂಂ ಅನ್ನು. ಇಲ್ಲೇ ಇದೆ ಕತೆ.

ಆಮೇಲೆ ಒಂದು ಸಲ ಹಿಮ ಬಿತ್ತು ನೋಡು, ಬಿದ್ದದ್ದು ನಿಲ್ಲಲೇ ಇಲ್ಲವಂತೆ. ಗಾಳಿಗೆ ಹಾರಿ ಬಂದು ಗೋಡೆಗೆ ಒರಗಿ ಒರಗಿ ಸೂರಿನ ಮಟ್ಟಕ್ಕೆ ಬಂತಂತೆ. ಗವಾಕ್ಷಿ ಮುಚ್ಚಿದ ಚಪ್ಪಡಿ ಒಲೆ ಕಾವಿಗೆ ಬಿಸಿ ಇತ್ತಲ್ಲ, ಅದರ ಮೇಲೆ ಬಿದ್ದ ಹಿಮ ಕರಗಿ, ಅಂಚಲ್ಲಿ ಇಳಿದು, ತೊಟ್ ತೊಟ್ ಅಂತ ನೆಟ್ಟಗೆ ಒಲೆಗೇ ಬಿತ್ತಂತೆ. ಬೆಳಗ್ಗೆ ಮೈಲಾರಿ ಎದ್ದು ನೋಡಿದ್ರೆ ಕೆಂಡ ಇಲ್ಲ, ಒದ್ದೆ ಬೂದಿ. ಚಕಮಕಿ ಕಲ್ಲು ಉಜ್ಜಿದ, ಉಜ್ಜಿದ, ಹತ್ತಿ ತೇವ ಕುಡಿದು ಕೂತಿತ್ತು, ಹತ್ತಲಿಲ್ಲ. ಕೆಂಡ ಕೇಳೋಣ ಅಂತ ಅಗುಳಿ ತೆಗೆದು ಬಾಗಿಲು ತಳ್ಳಿದ. ಬಾಗಿಲು ಹೊರಕ್ಕೆ ತೆಗೆಯೋದು ತಾನೇ? ಹೊರಗೆ ಸೂರಿನ ತನಕ ಹಿಮ ಒತ್ತಿಕೊಂಡಿದೆ. ಭುಜ ಕೊಟ್ಟ, ಒದ್ದ, ಅಲ್ಲಾಡಲಿಲ್ಲವಂತೆ. ಆಗ ಬಡಗಿ ಹೇಳಿದ ಮಾತು ಜ್ಞಾಪಕಕ್ಕೆ ಬಂತಂತೆ.

ಕಿಟಕಿಯೂ ಹೂತು ಮನೆಯೆಲ್ಲ ಕತ್ತಲೆ. ಹೊನ್ನಿ ಮೊದಲು ನಡುಗ್ತಿದ್ದಳು, ಆಮೇಲೆ ನಡುಗೋದು ನಿಲ್ಲಿಸಿ, ಅಪ್ಪಾ ನಿದ್ದೆ ಅಂದಳಂತೆ. ಆ ಚಳಿ ನಿದ್ದೆ ನಮ್ಮ ನಿದ್ದೆ ಅಲ್ಲ ಮಗಾ, ಹೋದೋರು ವಾಪಸ್ ಬರೋ ನಿದ್ದೆ ಅಲ್ಲ. ಮೈಲಾರಿ ಮನೇಲಿದ್ದ ಕಂಬಳಿ ಅಷ್ಟೂ ಅವಳ ಮೇಲೆ ಹೊದೆಸಿ, ಅವಳನ್ನ ಎದೆಗೆ ಅವಚಿಕೊಂಡು, ಕಾಲು ತಿಕ್ಕಿ, ನಿದ್ದೆ ಮಾಡಬೇಡ ಕಣಮ್ಮಾ ಅಂತ ಅಲ್ಲಾಡಿಸಿದನಂತೆ. ಅವನ ಮೈಯೇ ಮರಗಟ್ಟಿತ್ತು. ಕಂಬಳಿ ಬಿಸಿ ಹುಟ್ಟಿಸಲ್ಲ, ಇರೋ ಬಿಸೀನ ಕಾಯುತ್ತೆ ಅಷ್ಟೆ, ನೇಯೋನಿಗೆ ಅದು ಗೊತ್ತಿಲ್ವಾ? ಯಾರಾದ್ರೂ ಬನ್ರಪ್ಪೋ ಅಂತ ಕೂಗಿದನಂತೆ. ಹಿಮ ಕೂಗನ್ನೂ ನುಂಗುತ್ತೆ. ಕೇಳಿದ್ರೂ ಯಾರು ಬರ್ತಾರೆ, ಬರಬೇಡಿ ಅಂದೋನೂ ಅವನೇ, ಹೊಗೆ ಬರದೇ ಇರೋದೇ ನನ್ನ ಮನೆ ಪದ್ಧತಿ ಅಂತ ಊರಿಗೆಲ್ಲ ಕಲಿಸಿದೋನೂ ಅವನೇ. ಅತ್ತುಬಿಟ್ಟನಂತೆ ಪಾಪ. 

ಆಗ ಮಾಳಿಗೆ ಮೇಲೆ ಕರಕರ ಅಂತ ಸದ್ದು ಬಂತಂತೆ. ಯಾರೋ ನಡೀತಿದ್ದಾರೆ, ಒಬ್ಬರಲ್ಲ, ಇಬ್ಬರು ಮೂವರು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಅಂಥಾ ಹೊತ್ತಲ್ಲೂ ಮೈಲಾರಿಗೆ ಬಂದದ್ದು ಅದೇ. ನಾವು ಸಾಯೋದು ಕಾದಿದ್ದು ಕಂಬಳಿ ದೋಚೋಕೆ ಬಂದರು! ಹೊನ್ನೀನ ಮಲಗಿಸಿ ಕೊಡಲಿ ಹಿಡಿದು ಗವಾಕ್ಷಿ ಕೆಳಗೆ ನಿಂತನಂತೆ. ಚಪ್ಪಡಿ ದರದರ ಸರಿದು ಬೆಳಕು ಬಿತ್ತು. ಹಗ್ಗದಲ್ಲಿ ಮೊದಲು ಇಳಿದದ್ದು ಒಂದು ಮಡಕೆ, ಒಳಗೆ ಕೆಂಪಗೆ ಕೆಂಡ. ಆಮೇಲೆ ಎರಡು ಕಾಲು ಇಳಿದವು, ಕೋಳಿ ಕಾಲಿನಷ್ಟು ಸಣ್ಣ. ಮೈಲಾರಿ ಕೊಡಲಿ ಎತ್ತಿದ್ದು ಎತ್ತಿದ ಹಾಗೇ ಇತ್ತಂತೆ. ಆಗ ಕಂಬಳಿ ರಾಶಿ ಒಳಗಿಂದ ಹೊನ್ನಿ ಮೆಲ್ಲಗೆ, ಅಜ್ಜಿ, ಬೆಂಕಿ ತಂದ್ಯಾ ಅಂದಳಂತೆ.

ಕೊಡಲಿ ಕೈ ಜಾರಿ ಬಿತ್ತು.

ಗೂನಜ್ಜಿ ಕಂಬಳಿ ಕಡೆ ನೋಡ್ಲಿಲ್ಲ, ಸಾಮಾನಿನ ಕಡೆ ನೋಡ್ಲಿಲ್ಲ. ಒಲೆ ಬೂದಿ ಬಾಚಿ, ಕೆಂಡ ಸುರಿದು, ತನ್ನ ಸೆರಗಲ್ಲಿ ತಂದ ಒಣ ಬೆರಣಿ ಇಟ್ಟು ಊದಿದಳಂತೆ. ಹೊನ್ನಿ ಕಾಲನ್ನ ಎತ್ತಿ ತನ್ನ ಬಟ್ಟೆ ಒಳಗೆ ಬರೀ ಹೊಟ್ಟೆಗೆ ಆನಿಸಿಕೊಂಡು ಕೂತಳಂತೆ. ಕೂತ್ಕೊಂಡು ಆಮೇಲೆ ಬಾಯಿ ತೆಗೆದಳು. ಲೋ ಮೈಲಾರಿ, ಅವತ್ತು ಸುಮ್ಮಸುಮ್ಮನೆ ಕಳ್ಳಿ ಅಂದೆಯಲ್ಲ, ಇವತ್ತು ನಿಜವಾಗ್ಲೂ ಕನ್ನ ಹಾಕಿದೀನಿ ನೋಡು, ಏನು ಮಾಡ್ತೀಯ ಮಾಡು ಅಂದಳಂತೆ.

ಅಜ್ಜೀ, ನನ್ನ ಮನೇಲಿ ಹೊಗೆ ಬರೋದಿಲ್ಲ ಅಂತ ಊರಿಗೆಲ್ಲ ಗೊತ್ತು, ಒಲೆ ಆರಿದ್ದು ನಿನಗೆ ಹೆಂಗೆ ತಿಳೀತು ಅಂತ ಕೇಳಿದನಂತೆ ಮೈಲಾರಿ ಅಳ್ತಾ ಅಳ್ತಾ. ನೀನೊಬ್ಬನೇ ಅನುಮಾನದ ಗಿರಾಕಿ ಅಂದ್ಕೊಂಡೆಯಾ ಅಂದಳಂತೆ ಗೂನಜ್ಜಿ. ನೀನು ನನ್ನ ಹೊಗೆ ನನ್ನದು ಅಂದ ದಿನದಿಂದ ನಾನು ನಿನ್ನ ಮಾತು ನಂಬಲೇ ಇಲ್ಲ. ನಿನ್ನ ಚಪ್ಪಡಿ ಕಲ್ಲು ನೋಡ್ತಿದ್ದೆ. ಒಲೆ ಉರೀತಿದ್ರೆ ಅದು ಕಪ್ಪಗೆ ಒದ್ದೆ ಇರುತ್ತೆ, ಅದರ ಮೇಲೆ ಹಿಮ ನಿಲ್ಲಲ್ಲ. ಇವತ್ತು ಎಲ್ಲಾ ಮಾಳಿಗೆ ಹಾಗೆ ಅದೂ ಬೆಳ್ಳಗಿತ್ತು. ಗೌಡ ಬರಲ್ಲ ಅಂತ ಮುಖ ತಿರುಗಿಸಿದ, ಆಗ ನಾನೊಬ್ಬಳೇ ಕೋಲಲ್ಲಿ ಹಿಮ ಕೆದಕೋಕೆ ಶುರು ಮಾಡಿದೆ. ಅದನ್ನ ನೋಡೋಕಾಗದೆ ಗೌಡನೂ ಬಂದ, ದೊಡ್ಡಯ್ಯನೂ ಬಂದ. ಮೇಲೆ ನಿಂತಿದ್ದಾರೆ, ಹಗ್ಗ ಹಿಡ್ಕೊಂಡು ನಡುಗ್ತಿದ್ದಾರೆ, ಒಂದೊಂದು ಕಂಬಳಿ ಕೊಡು ಪಾಪ ಅಂದಳಂತೆ.

ಸ್ವಲ್ಪ ಹೊತ್ತಿಗೆ ಹೊನ್ನಿ ಮತ್ತೆ ನಡುಗೋಕೆ ಶುರು ಮಾಡಿದಳಂತೆ. ನಡುಕ ಬಂತು ಅಂದ್ರೆ ಜೀವ ಬಂತು ಅಂತ ಅರ್ಥ. ಆಮೇಲೆ ಹಸಿವು ಅಂದಳಂತೆ.

ಹಿಮ ಸರಿಸಿದ ಮೇಲೆ ಮೈಲಾರಿ ಬಾಗಿಲನ್ನ ಒಳಕ್ಕೆ ತಿರುಗಿಸಿದ, ಅಗುಳಿ ಕಿತ್ತ, ಆ ಅಗುಳೀನ ಮೇಕೆ ಕಟ್ಟೋ ಗೂಟ ಮಾಡ್ಕೊಂಡನಂತೆ. ಗೂನಜ್ಜಿಗೆ ಒಳ್ಳೇ ಕಂಬಳಿ ನೇಯ್ದು ಕೊಟ್ಟನಂತೆ. ಅವಳೇನು ಸುಮ್ಮನೆ ತಗೊಂಡಳು ಅಂದ್ಕೊಂಡೆಯಾ? ಬೆಳಕಿಗೆ ಹಿಡಿದು ನೋಡಿ, ಎಳೆ ಎಳೆದು ನೋಡಿ, ಅಂಚು ಕಚ್ಚಿ ನೋಡಿ, ಪರವಾಗಿಲ್ಲ ಅಂದು ಹೊದ್ದುಕೊಂಡಳಂತೆ. ನನಗೆ ಆ ಮುದುಕಿ ಇಷ್ಟ.

ಅವತ್ತಿಂದ ದಿನಾ ಬೆಳಗ್ಗೆ ಊರಲ್ಲಿ ಎಲ್ಲರಿಗಿಂತ ಮೊದಲು ಮಾಳಿಗೆ ಹತ್ತೋನು ಮೈಲಾರಿನೇ ಆದನಂತೆ, ಹತ್ತಿದ ಕೂಡಲೇ ನೋಡೋದು ಗೂನಜ್ಜಿ ಮನೆ ಹೊಗೆ. ಆಮೇಲೆ ಒಂದು ವರ್ಷ ಬಯಲಿಂದ ಉಪ್ಪಿನ ವ್ಯಾಪಾರಿ ಒಬ್ಬ ಬಂದು ಆ ಊರಲ್ಲೇ ಉಳಿದನಂತೆ. ಒಂದು ದಿನ ಅವನು ಮೀಸೆ ತಿರುಗಿಸ್ತಾ ಬಂದು, ಏನಯ್ಯಾ, ದಿನಾ ನನ್ನ ಮಾಳಿಗೆ ಯಾಕೆ ನೋಡ್ತೀಯ, ಏನಿದೆ ನಿನಗೆ ಅಲ್ಲಿ ಅಂತ ಜಗಳಕ್ಕೆ ನಿಂತನಂತೆ. ಮೈಲಾರಿ ನಕ್ಕುಬಿಟ್ಟನಂತೆ. ಬಯ್ಯಿ ಅಣ್ಣಾ, ಎಷ್ಟು ಬೇಕೋ ಬಯ್ಯಿ, ನಾಳೇನೂ ನೋಡ್ತೀನಿ ಅಂದನಂತೆ.

ಹೂಂ ಅಂತೀಯೋ ಇಲ್ವೋ? ಏನಂದೆ? ನಿದ್ದೆ ಮಾಡೋವಾಗ ಅಜ್ಜಿ ಯಾಕೆ ನನ್ನ ಮೂಗಿನ ಹತ್ರ ಬೆರಳು ಇಡ್ತೀಯ ಅಂತಾನೆ! ಎಚ್ಚರ ಇದ್ಕೊಂಡೇ ಕಣ್ಣು ಮುಚ್ಚಿರ್ತೀಯ ಹಂಗಾದ್ರೆ, ಕಳ್ಳ. ಬಯ್ಯಿ, ಎಷ್ಟು ಬೇಕೋ ಬಯ್ಯಿ. ನಾಳೇನೂ ಇಡ್ತೀನಿ. ಹೊನ್ನಿ ಅವಳೂರಲ್ಲಿ ಬೆಚ್ಚಗೆ, ನೀನು ನಿನ್ನ ಕಂಬಳೀಲಿ ಬೆಚ್ಚಗೆ, ಒಲೇಲಿ ಕೆಂಡ ಬೂದಿ ಹೊದ್ದು ಮಲಗಿತು, ಅಜ್ಜಿ ಬಾಯಲ್ಲಿ ಕತೆ ಮುಗೀತು.