ಗುಂಪಿನ ತೂಕ ಏರಿದ ದಿನ

ವಾಟ್ಸ್ಯಾಪಿನ ತೂಕ ಇಳಿಸುವ ಗುಂಪಿನಲ್ಲಿ ಕೋಚ್ ಅಭಿನಂದನ್ ಹೇಳಿದ್ದೇ ವೇದವಾಕ್ಯ. ಒಂದು ದಿನ ಆತ ಅಪ್ಪಣೆ ಹೊರಡಿಸಿದ: "ನಾಳೆ ಬೆಳಿಗ್ಗೆ ಎಲ್ಲರೂ ತೂಕದ ಫೋಟೋ ಹಾಕಿ. ಏರಿಸಿಕೊಂಡವರನ್ನು ಗುಂಪಿನಿಂದ ತೆಗೆದುಹಾಕ್ತೀನಿ."

ಗುಂಪಿನಲ್ಲಿ ಏರಿದ್ದು ರೆಹಾನಾಳ ತೂಕ ಮಾತ್ರ. ಕಾಲು ಉಳುಕಿ ವಾರವಿಡೀ ಮನೆಯಲ್ಲೇ ಕೂತಿದ್ದಳು. ಆ ಗುಂಪು ಬಿಟ್ಟರೆ ಅವಳಿಗೆ ಹುರುಪು ತುಂಬುವವರೂ ಇರಲಿಲ್ಲ. ಗುಂಪಿನ ಗೆಳತಿ, ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಚನ್ನವ್ವನಿಗೆ ಫೋನ್ ಮಾಡಿ ಅತ್ತಳು.

"ಅಳಬ್ಯಾಡ, ನೋಡೂಣಂತ," ಎಂದ ಚನ್ನವ್ವ ಉಳಿದವರಿಗೆಲ್ಲ ಗುಟ್ಟಾಗಿ ಫೋನ್ ಹಚ್ಚಿದಳು.

ಮರುದಿನ ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ತೂಕದ ಯಂತ್ರ ಹತ್ತಿದರು. ಒಬ್ಬಳ ಕಂಕುಳಲ್ಲಿ ಮೊಮ್ಮಗ, ಇನ್ನೊಬ್ಬಳ ತಲೆಯ ಮೇಲೆ ಅಕ್ಕಿಚೀಲ, ಚನ್ನವ್ವನ ತೋಳಲ್ಲಿ ದಪ್ಪ ಕುಂಬಳಕಾಯಿ. ಅಂಕಿಯಷ್ಟೇ ಕಾಣುವ ಫೋಟೋಗಳು ಗುಂಪಿಗೆ ಬಂದವು. ಎಲ್ಲರ ತೂಕವೂ ಏರಿತ್ತು!

ಕೋಚ್ ಬೆವೆತುಹೋದ. ಎಲ್ಲರನ್ನೂ ತೆಗೆದರೆ ಗುಂಪಿನಲ್ಲಿ ಉಳಿಯುವವನು ತಾನೊಬ್ಬನೇ. "ಹೆದರಬೇಡಿ, ಯಾರನ್ನೂ ತೆಗೆಯೋದಿಲ್ಲ. ಎಲ್ಲರೂ ಇರಿ," ಎಂದು ಬರೆದ.

ಸ್ವಲ್ಪ ಹೊತ್ತಿಗೆ ಹೊಸ ಫೋಟೋಗಳು ಬಂದವು. ತೂಕ ಸರ್ರನೆ ಇಳಿದಿತ್ತು.

"ಇಷ್ಟು ಬೇಗ ಹೇಗೆ?" ಎಂದು ಕೋಚ್ ಕೇಳಿದ.

"ನೀವು ಒಂದು ಒಳ್ಳೆ ಮಾತಾಡಿದ್ರಿ ಸರ," ಎಂದಳು ಚನ್ನವ್ವ, "ನಾವು ಭಾರ ಕೆಳಗಿಟ್ವಿ."